ಈಸ್ಟ್ರೋಜನ್, ಸ್ತನ ಕ್ಯಾನ್ಸರ್ ಮತ್ತು ಐದು ವರ್ಷದ ಮಾತ್ರೆ

ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ರೇಡಿಯೇಷನ್‌ಗಳಲ್ಲಿ ಬೇಕಾದದ್ದೆಲ್ಲ ಆದ ಮೇಲೆ ಸ್ತನ ಕ್ಯಾನ್ಸರ್‌ನ ಬಹುಪಾಲು ರೋಗಿಗಳಿಗೆ ವೈದ್ಯರು ದಿನಕ್ಕೊಂದರಂತೆ ಕನಿಷ್ಠ 5 ವರ್ಷ ನುಂಗಬೇಕಾದ ಒಂದು ಸಣ್ಣ ಮಾತ್ರೆಯನ್ನು ಬರೆದುಕೊಡುತ್ತಾರೆ. ಅಷ್ಟು ಹೊತ್ತಿಗೆ ತಲೆಗೂದಲು ಮತ್ತೆ ಬೆಳೆಯತೊಡಗಿರುತ್ತದೆ, ಮನೆಯವರ ಪಾಲಿಗೆ ಚಿಕಿತ್ಸೆ ಮುಗಿದುಹೋಗಿರುತ್ತದೆ. ಆದರೆ ಹಾರ್ಮೋನನ್ನು ನೆಚ್ಚಿ ಬೆಳೆಯುವ ಕ್ಯಾನ್ಸರ್ ಮರಳದಂತೆ ತಡೆಯುವ ಕೆಲಸದ ದೊಡ್ಡ ಪಾಲು ಈ ಮಾತ್ರೆಯದೇ. ಅವಧಿ ತುಂಬುವ ಮೊದಲೇ ಅದನ್ನು ಬಿಟ್ಟುಬಿಡುವ ಮಹಿಳೆಯರು ಎಲ್ಲ ದೇಶಗಳಲ್ಲೂ ಇದ್ದಾರೆ, ಅವರಲ್ಲಿ ಹೆಚ್ಚಿನವರು ಬಿಡುವುದು ಅಡ್ಡ ಪರಿಣಾಮಗಳನ್ನು ತಾಳಲಾರದೆ. ಮಾತ್ರೆ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೂ ಅದು ಏಕೆ ಕಾಡುತ್ತದೆ ಎಂಬುದಕ್ಕೂ ಇರುವ ಉತ್ತರ ಒಂದೇ: ಅದು ಈಸ್ಟ್ರೋಜನ್ನಿಗೆ ತಡೆಯೊಡ್ಡುತ್ತದೆ.

ಮುಖ್ಯವಾಗಿ ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಎಂಬ ಈ ಹಾರ್ಮೋನಿಗೆ ಹೆಸರಿಡುವ ಮೊದಲೇ ಈ ಉತ್ತರದ ಹುಡುಕಾಟ ಶುರುವಾಗಿತ್ತು. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ವಿದ್ಯಾರ್ಥಿ ದೆಸೆಯಲ್ಲಿ ಹಾಲೂಡಿಕೆಯ ಬಗ್ಗೆ ಪ್ರಬಂಧ ಬರೆದಿದ್ದರು. ಕರು ಹಾಕಿದ ಹಸುವಿನ ಅಂಡಾಶಯವನ್ನು ತೆಗೆದರೆ ಅದು ಹೆಚ್ಚು ಕಾಲ ಹಾಲು ಕೊಡುತ್ತದೆ ಎಂದು ಕೆಲವು ದೇಶಗಳ ರೈತರು ಕಂಡುಕೊಂಡಿದ್ದ ಸಂಗತಿ ಅವರ ಗಮನಕ್ಕೆ ಬಂದಿತ್ತು. ಸ್ತನದ ಅಂಗಾಂಶವನ್ನು ದೂರದ ಅಂಡಾಶಯ ಹೇಗೋ ನಿಯಂತ್ರಿಸುತ್ತದೆ ಎಂದಾದರೆ, ಸ್ತನದ ಕ್ಯಾನ್ಸರಿನ ಮೇಲೂ ಅದರ ಹಿಡಿತ ಇರಬೇಕಲ್ಲವೇ? 1895ರಲ್ಲಿ, ಕ್ಯಾನ್ಸರ್ ಮರುಕಳಿಸಿ ಎದೆಯ ಗೋಡೆಗೆ ಹರಡಿದ್ದ ತರುಣಿಯೊಬ್ಬಳ ಅಂಡಾಶಯಗಳನ್ನು ಅವರು ತೆಗೆದುಹಾಕಿದರು. ಕೆಲವು ತಿಂಗಳುಗಳಲ್ಲಿ ಗಡ್ಡೆಗಳು ಕರಗಿದವು. ಮರುವರ್ಷ ಅವರು ಇದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದಾಗ ಇತರ ವೈದ್ಯರೂ ಪ್ರಯತ್ನಿಸಿದರು. ಆದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಗುಣ ಕಂಡಿತು. ಉಳಿದವರಿಗೆ ಏಕೆ ಕಾಣಲಿಲ್ಲ ಎಂಬುದು ಅರ್ಧ ಶತಮಾನಕ್ಕೂ ಮೀರಿ ಒಗಟಾಗಿಯೇ ಉಳಿಯಿತು.

ಆ ಒಗಟನ್ನು ಬಿಡಿಸಿದವರು ಶಿಕಾಗೊ ವಿಶ್ವವಿದ್ಯಾಲಯದ ಎಲ್‌ವುಡ್ ಜೆನ್ಸನ್. 1950ರ ದಶಕದ ಕೊನೆಯಲ್ಲಿ ಅವರು ಈಸ್ಟ್ರೋಜನ್‌ಗೆ ವಿಕಿರಣ ಸೂಸುವ ಹೈಡ್ರೋಜನ್ನನ್ನು ಜೋಡಿಸಿ, ಅದು ದೇಹದಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಪ್ರಾಣಿಗಳಲ್ಲಿ ಪತ್ತೆ ಹಚ್ಚಿದರು. ರಕ್ತದ ಜೊತೆ ಹಾರ್ಮೋನು ಮೈಯೆಲ್ಲ ಹರಿದರೂ, ಗರ್ಭಕೋಶದಂತಹ ಕೆಲವು ಅಂಗಗಳು ಮಾತ್ರ ಅದನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ಹಿಡಿದಿಡುತ್ತಿದ್ದುದು ಆ ಜೀವಕೋಶಗಳ ಒಳಗಿನ ಒಂದು ಪ್ರೋಟೀನು, ಅಂದರೆ ಈಸ್ಟ್ರೋಜನ್ ಗ್ರಾಹಕ. ಸ್ತನದ ಕೆಲವು ಗಡ್ಡೆಗಳಲ್ಲಿ ಈ ಗ್ರಾಹಕ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಇಲ್ಲದಿರುವಲ್ಲಿ ಅಂಡಾಶಯ ತೆಗೆದೂ ಪ್ರಯೋಜನವಿಲ್ಲ. ಇಂದು ಬಯಾಪ್ಸಿ ವರದಿಯಲ್ಲಿ ಇಆರ್, ಪಿಆರ್ ಎಂದು ಬರೆದಿರುವುದು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್‌ಗಳ ಈ ಗ್ರಾಹಕಗಳನ್ನೇ. ಜಗತ್ತಿನಾದ್ಯಂತ ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 70ರಷ್ಟು ಇಆರ್ ಪಾಸಿಟಿವ್, ಅಂದರೆ ಈಸ್ಟ್ರೋಜನ್ ಗ್ರಾಹಕ ಉಳ್ಳವು, ಆಗಿರುತ್ತವೆ. ಭಾರತದ ರೋಗಿಗಳಲ್ಲಿ ಈ ಪಾಲು ಅದಕ್ಕಿಂತ ಸ್ವಲ್ಪ ಕಡಿಮೆ.

ಪಾಸಿಟಿವ್ ಎಂದ ಕೂಡಲೇ ‘ಮೈಯಲ್ಲಿ ಹಾರ್ಮೋನು ಹೆಚ್ಚಾಗಿತ್ತೇ?’ ಎಂದು ಕೇಳುವವರಿದ್ದಾರೆ. ವರದಿ ಹೇಳುವುದು ಗಡ್ಡೆಯ ಸ್ವಭಾವವನ್ನು ಮಾತ್ರ, ರಕ್ತದಲ್ಲಿರುವ ಹಾರ್ಮೋನಿನ ಮಟ್ಟವನ್ನಲ್ಲ. ಈಸ್ಟ್ರೋಜನ್ ಕೂತ ಗ್ರಾಹಕವು ಡಿಎನ್‌ಎಗೆ ಅಂಟಿಕೊಂಡು, ಕೋಶ ವಿಭಜನೆಗೆ ಬೇಕಾದ ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ತಿಂಗಳು ತಿಂಗಳೂ ನಡೆಯುವ ಈ ಕ್ರಿಯೆ ಹೆಚ್ಚು ವರ್ಷ ನಡೆದಷ್ಟೂ ವಿಭಜನೆಯ ತಪ್ಪುಗಳು ಕೂಡಿಕೊಳ್ಳುವ ಅವಕಾಶ ಹೆಚ್ಚುತ್ತದೆ. ಬೇಗ ಮೈನೆರೆದವರಿಗೆ, ತಡವಾಗಿ ಮುಟ್ಟು ನಿಂತವರಿಗೆ ಅಪಾಯ ತುಸು ಹೆಚ್ಚಿರುವುದೂ, ಮಗುವಿಗೆ ಹಾಲೂಡಿಸಿದವರಿಗೆ ತುಸು ಕಡಿಮೆಯಿರುವುದೂ ಈ ಲೆಕ್ಕಕ್ಕೆ ಹೊಂದುತ್ತವೆ.

ಗ್ರಾಹಕವನ್ನು ತಡೆಯುವ ಮೊದಲ ದೊಡ್ಡ ಔಷಧ ಟ್ಯಾಮಾಕ್ಸಿಫೆನ್ ಹುಟ್ಟಿದ್ದು ಬೇರೆಯದೇ ಉದ್ದೇಶಕ್ಕೆ. ಬ್ರಿಟನ್ನಿನ ಐಸಿಐ ಕಂಪನಿಯ ರಸಾಯನ ವಿಜ್ಞಾನಿ ಡೋರಾ ರಿಚರ್ಡ್‌ಸನ್ 1962ರಲ್ಲಿ ಅದನ್ನು ತಯಾರಿಸಿದಾಗ ಕಂಪನಿಗೆ ಬೇಕಿದ್ದುದು ಗರ್ಭನಿರೋಧಕ. ಇಲಿಗಳಲ್ಲಿ ಫಲಿಸಿದ ಮಾತ್ರೆ ಮಹಿಳೆಯರಲ್ಲಿ ತದ್ವಿರುದ್ಧವಾಗಿ ಅಂಡೋತ್ಪತ್ತಿಯನ್ನು ಪ್ರಚೋದಿಸಿತು. ಮುಂದೆ ಮ್ಯಾಂಚೆಸ್ಟರ್‌ನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರ್‌ಗೆ ಅದನ್ನು ಪ್ರಯೋಗಿಸಲಾಯಿತು. 1977ರಲ್ಲಿ ಅಮೆರಿಕದಲ್ಲೂ ಅನುಮತಿ ಸಿಕ್ಕಿತು. (ಇದೇ ಜಾತಿಯ ಔಷಧವನ್ನು ಗರ್ಭನಿರೋಧಕವಾಗಿ ಗೆಲ್ಲಿಸಿದ ಕೀರ್ತಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಗೆ ಸಲ್ಲುತ್ತದೆ. ಅಲ್ಲಿ ರೂಪುಗೊಂಡ ‘ಸಹೇಲಿ’ ಮಾತ್ರೆ ಈಗ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ‘ಛಾಯಾ’ ಎಂಬ ಹೆಸರಿನಲ್ಲಿ ಸಿಗುತ್ತದೆ.)

ಟ್ಯಾಮಾಕ್ಸಿಫೆನ್ ಗ್ರಾಹಕದಲ್ಲಿ ಈಸ್ಟ್ರೋಜನ್ನಿನ ಜಾಗದಲ್ಲೇ ಕೂರುತ್ತದೆ, ಆದರೆ ಕೂತಾಗ ಗ್ರಾಹಕದ ಆಕಾರ ಬೇರೆಯಾಗುತ್ತದೆ. ಜೀನ್ ಚಾಲೂ ಮಾಡಲು ಬರಬೇಕಾದ ಸಹಾಯಕ ಪ್ರೋಟೀನುಗಳಿಗೆ ಆಗ ಅಂಟಿಕೊಳ್ಳಲು ಎಡೆ ಸಿಗುವುದಿಲ್ಲ. ಈ ಸಹಾಯಕ ಪ್ರೋಟೀನುಗಳು ಎಲ್ಲ ಅಂಗಗಳಲ್ಲಿ ಒಂದೇ ತೆರನಾಗಿಲ್ಲದಿರುವುದರಿಂದ ಔಷಧದ ನಡೆಯೂ ಒಂದೇ ತೆರನಾಗಿಲ್ಲ. ಸ್ತನದಲ್ಲಿ ಅದು ಈಸ್ಟ್ರೋಜನ್ನಿನ ವಿರೋಧಿ. ಮುಟ್ಟು ನಿಂತವರ ಮೂಳೆಯಲ್ಲಿ ಅದೇ ಔಷಧ ಈಸ್ಟ್ರೋಜನ್ನಿನಂತೆ ವರ್ತಿಸಿ ಸವೆತವನ್ನು ತಡೆಯುತ್ತದೆ. ಗರ್ಭಕೋಶದ ಒಳಪೊರೆಯಲ್ಲೂ ಹಾಗೆಯೇ ವರ್ತಿಸುವುದರಿಂದ ಅಲ್ಲಿ ಪೊರೆ ದಪ್ಪವಾಗುತ್ತದೆ, ಮುಟ್ಟು ನಿಂತವರಲ್ಲಿ ಗರ್ಭಕೋಶದ ಕ್ಯಾನ್ಸರ್‌ನ ಸಾಧ್ಯತೆ ಎರಡು ಮೂರು ಪಟ್ಟು ಏರುತ್ತದೆ. ಮೂಲದಲ್ಲಿ ಈ ಸಾಧ್ಯತೆ ತೀರ ಸಣ್ಣದಾದ್ದರಿಂದ ಏರಿದ ಮೇಲೂ ಅದು ಸಣ್ಣದೇ. ಆದರೂ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರಿಗೆ ತಿಳಿಸಬೇಕು. ರಕ್ತ ಹೆಪ್ಪುಗಟ್ಟುವ ಅಪಾಯವೂ ಇರುವುದರಿಂದ ಒಂದೇ ಕಾಲು ಊದಿಕೊಂಡರೆ ಅಥವಾ ಇದ್ದಕ್ಕಿದ್ದಂತೆ ಏದುಸಿರು ಬಂದರೆ ಕಾಯುತ್ತ ಕೂರಬಾರದು.

ಇದರ ಎದುರಿಗೆ ಲಾಭವನ್ನೂ ಇಟ್ಟು ನೋಡಬೇಕು. ಸಾವಿರಾರು ಮಹಿಳೆಯರ ದಾಖಲೆಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಇಆರ್ ಪಾಸಿಟಿವ್ ಇದ್ದವರು 5 ವರ್ಷ ಟ್ಯಾಮಾಕ್ಸಿಫೆನ್ ತೆಗೆದುಕೊಂಡರೆ ಮುಂದಿನ 15 ವರ್ಷಗಳಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾಯುವ ಪ್ರಮಾಣ ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆ.

ಮುಟ್ಟು ನಿಂತ ಮೇಲೂ ಈಸ್ಟ್ರೋಜನ್ ತಯಾರಾಗುವುದು ಪೂರ್ತಿ ನಿಲ್ಲುವುದಿಲ್ಲ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಸ್ರವಿಸುವ ಪುರುಷ ಹಾರ್ಮೋನನ್ನು ಕೊಬ್ಬಿನ ಅಂಗಾಂಶದಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಈಸ್ಟ್ರೋಜನ್ ಆಗಿ ಬದಲಾಯಿಸುತ್ತದೆ. ಮುಟ್ಟು ನಿಂತ ಬಳಿಕ ಬೊಜ್ಜು ಸ್ತನ ಕ್ಯಾನ್ಸರ್‌ಗೆ ಇಂಬು ಕೊಡುವ ಒಂದು ದಾರಿ ಇದು. ಲೆಟ್ರೊಜೋಲ್, ಅನಸ್ಟ್ರೊಜೋಲ್, ಎಕ್ಸೆಮೆಸ್ಟೇನ್ ಎಂಬ ಮಾತ್ರೆಗಳು ಈ ಕಿಣ್ವವನ್ನು ಕಟ್ಟಿಹಾಕಿ, ಉಳಿದಿದ್ದ ಅಲ್ಪ ಈಸ್ಟ್ರೋಜನ್ನನ್ನೂ ಬಹುತೇಕ ಇಲ್ಲವಾಗಿಸುತ್ತವೆ. ಹಾಗಾಗಿ ಇಲ್ಲಿ ಮೂಳೆಗೆ ಆಸರೆಯಿಲ್ಲ. ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಚಲಾರದಷ್ಟು ಬಿಗಿಯಾಗುವುದು, ಮಂಡಿ, ಮಣಿಕಟ್ಟು ನೋಯುವುದು ಇವುಗಳ ಸಾಮಾನ್ಯ ದೂರು. ಅದನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕುವುದು ಸರಿಯಲ್ಲ. ನಿಯಮಿತ ವ್ಯಾಯಾಮದಿಂದ ನೋವು ತಗ್ಗುತ್ತದೆ ಎಂಬುದಕ್ಕೆ ಪ್ರಯೋಗಗಳ ಆಧಾರವಿದೆ. ಮೂಳೆಯ ಸಾಂದ್ರತೆಯನ್ನು ಡೆಕ್ಸಾ ಸ್ಕ್ಯಾನ್‌ನಿಂದ ಅಳೆದು, ಅಗತ್ಯವಿದ್ದರೆ ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗೆ ಮೂಳೆ ಸವೆತ ತಡೆಯುವ ಜೊಲೆಡ್ರಾನಿಕ್ ಆಮ್ಲವನ್ನು ರಕ್ತನಾಳದ ಮೂಲಕ ಕೊಡುತ್ತಾರೆ.

ಇನ್ನೂ ಮುಟ್ಟಾಗುತ್ತಿರುವವರಿಗೆ ಈ ಮಾತ್ರೆಗಳನ್ನು ಒಂಟಿಯಾಗಿ ಕೊಡುವಂತಿಲ್ಲ. ಈಸ್ಟ್ರೋಜನ್ ಇಳಿದದ್ದನ್ನು ಮೆದುಳು ಗುರುತಿಸಿ ಅಂಡಾಶಯವನ್ನು ಇನ್ನಷ್ಟು ದುಡಿಸುತ್ತದೆ. ಅಂಥವರಿಗೆ ಗೊಸೆರೆಲಿನ್‌ನಂಥ ಚುಚ್ಚುಮದ್ದು ಕೊಟ್ಟು ಅಂಡಾಶಯವನ್ನೂ ಸುಮ್ಮನಿರಿಸಬೇಕಾಗುತ್ತದೆ. ಕೀಮೋಥೆರಪಿಯಿಂದ ನಿಂತ ಮುಟ್ಟು ಎಷ್ಟೋ ತಿಂಗಳ ನಂತರ ಮರಳಬಹುದು. ಆದ್ದರಿಂದ ನಲವತ್ತರ ಆಸುಪಾಸಿನ ಹೆಂಗಸಿನ ಮುಟ್ಟು ನಿಂತಿತೆಂದು ಅವಸರದಲ್ಲಿ ತೀರ್ಮಾನಿಸುವುದು ಅಪಾಯಕಾರಿ.

ಎರಡೂ ಬಗೆಯ ಮಾತ್ರೆಗಳಲ್ಲಿ ಕಾಣುವ ತೊಂದರೆಯೆಂದರೆ ಒಮ್ಮೆಲೇ ಮೈ ಬಿಸಿಯೇರಿ ಬೆವರಿ ನೀರಾಗುವುದು, ರಾತ್ರಿ ನಿದ್ದೆ ಕೆಡುವುದು. ಮೆದುಳಿನ ಹೈಪೊಥಲಾಮಸ್‌ನಲ್ಲಿ ದೇಹದ ಉಷ್ಣತೆಯನ್ನು ನೋಡಿಕೊಳ್ಳುವ ಜಾಗದ ಮೇಲೆ ಪ್ರಭಾವ ಬೀರುವ ಕೆಲವು ನರಕೋಶಗಳನ್ನು ಈಸ್ಟ್ರೋಜನ್ ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಆ ಅಂಕೆ ತಪ್ಪಿದಾಗ ಅವು ಅತಿಯಾಗಿ ಚುರುಕಾಗುತ್ತವೆ, ಸೆಕೆಯಿಲ್ಲದಿದ್ದರೂ ದೇಹ ಶಾಖವನ್ನು ಹೊರದೂಡಲು ತೊಡಗುತ್ತದೆ. ವೆನ್ಲಫ್ಯಾಕ್ಸಿನ್, ಗ್ಯಾಬಪೆಂಟಿನ್‌ಗಳು ಇದನ್ನು ತಗ್ಗಿಸಬಲ್ಲವು. ಆದರೆ ಪ್ಯಾರಾಕ್ಸಿಟಿನ್, ಫ್ಲುವಾಕ್ಸಿಟಿನ್ ಎಂಬ ಖಿನ್ನತೆಯ ಮಾತ್ರೆಗಳು ಟ್ಯಾಮಾಕ್ಸಿಫೆನ್ನನ್ನು ಅದರ ಪ್ರಬಲ ರೂಪಕ್ಕೆ ಬದಲಾಯಿಸುವ ಯಕೃತ್ತಿನ ಕಿಣ್ವಕ್ಕೇ ಅಡ್ಡಿಯಾಗುವುದರಿಂದ ಅವುಗಳನ್ನು ಜೊತೆಗೆ ಕೊಡದಿರುವುದು ಲೇಸು. ಬೇರೆ ಯಾವುದೇ ವೈದ್ಯರ ಬಳಿ ಹೋದಾಗಲೂ ಈ ಮಾತ್ರೆಯ ಚೀಟಿಯನ್ನು ತೋರಿಸಬೇಕಾದದ್ದು ಇಂಥ ಕಾರಣಕ್ಕೆ.

ಯೋನಿಯ ಒಣಗುವಿಕೆ, ಕೂಡುವಾಗಿನ ನೋವು, ಆಸಕ್ತಿ ಕುಗ್ಗುವುದು ಹೆಚ್ಚಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಮಗನನ್ನೋ ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಹೆಂಗಸರು ಇದನ್ನು ಹೇಗೆ ಹೇಳಿಯಾರು? ವೈದ್ಯರೇ ಒಂದು ನಿಮಿಷ ಮನೆಯವರನ್ನು ಹೊರಗೆ ಕಳುಹಿಸಿ ಕೇಳಬೇಕು. ಹಾರ್ಮೋನಿಲ್ಲದ ತೇವಕಾರಿ ಮುಲಾಮುಗಳು ಇದಕ್ಕೆ ಸುರಕ್ಷಿತವಾದ ಮೊದಲ ಚಿಕಿತ್ಸೆ.

ಮಕ್ಕಳು ಬೇಕೆನ್ನುವ ತರುಣಿಯರಿಗೆ ಐದು ವರ್ಷ ದೊಡ್ಡ ಅವಧಿಯೇ. 2023ರಲ್ಲಿ ಪ್ರಕಟವಾದ ‘ಪಾಸಿಟಿವ್’ ಹೆಸರಿನ ಅಧ್ಯಯನದಲ್ಲಿ, ಒಂದೂವರೆಯಿಂದ ಎರಡೂವರೆ ವರ್ಷ ಮಾತ್ರೆ ತೆಗೆದುಕೊಂಡ ಬಳಿಕ ಗರ್ಭಧಾರಣೆಗಾಗಿ ಎರಡು ವರ್ಷದವರೆಗೆ ಅದನ್ನು ನಿಲ್ಲಿಸಿದವರಲ್ಲಿ ಕ್ಯಾನ್ಸರ್ ಮರುಕಳಿಸುವುದು ಅಲ್ಪಾವಧಿಯಲ್ಲಿ ಹೆಚ್ಚಲಿಲ್ಲ. ದೀರ್ಘಾವಧಿಯ ಫಲಿತಾಂಶಕ್ಕೆ ಇನ್ನೂ ಕಾಯಬೇಕು. ಮಗುವಿನ ಯೋಚನೆಯಿಲ್ಲದೆ ಕೇವಲ ನೋವಿಗಾಗಿ ಮಾತ್ರೆ ಬಿಡಬೇಕೆನ್ನಿಸಿದವರಿಗೂ ದಾರಿಗಳಿವೆ: ವೈದ್ಯರು ಕೆಲವು ವಾರ ವಿರಾಮ ಕೊಟ್ಟು ನೋಡಬಹುದು, ಲೆಟ್ರೊಜೋಲ್ ಒಗ್ಗದವರಿಗೆ ಎಕ್ಸೆಮೆಸ್ಟೇನ್ ಕೊಡಬಹುದು, ಅದೂ ಆಗದಿದ್ದರೆ ಟ್ಯಾಮಾಕ್ಸಿಫೆನ್‌ಗೆ ಮರಳಬಹುದು. ಒಂದು ಮಾತ್ರೆಯಿಂದ ಬೆರಳು ಬಿಗಿಯಾದವರಿಗೆ ಅದೇ ಗುಂಪಿನ ಇನ್ನೊಂದು ಮಾತ್ರೆ ಎಷ್ಟೋ ಬಾರಿ ಒಗ್ಗುತ್ತದೆ.