ಸಿಮ್ಯುಲೇಶನ್‌ನಲ್ಲಿ 10.6, ಬೋರ್ಡ್ ಮೇಲೆ 16: ಯಾವ ವೋಲ್ಟೇಜ್ ಸರಿ?

ಪ್ರಶ್ನೆ: ಸರ್, ಎಲ್‌ಟಿಸ್ಪೈಸ್ ಅನ್ನೋ ಸರ್ಕ್ಯೂಟ್ ಸಿಮ್ಯುಲೇಶನ್ ಸಾಫ್ಟ್‌ವೇರಲ್ಲಿ 12 ವೋಲ್ಟ್ ಎಸಿ ಸೋರ್ಸ್, ಎಸಿನ ಡಿಸಿ ಮಾಡೋ ನಾಲ್ಕು ಡಯೋಡಿನ ಬ್ರಿಡ್ಜ್, ಕೆಪಾಸಿಟರ್ ಹಾಕಿದೀನಿ. ಕೆಪಾಸಿಟರ್ ಹತ್ರ 10.6 ಅಷ್ಟೇ ಬರ್ತಿದೆ, ಮುಂದೆ 12 ವೋಲ್ಟ್ ರೆಗ್ಯುಲೇಟರ್ ಐಸಿ 7812 ಹಾಕಿದ್ರೆ 12 ಬರ್ತಾನೇ ಇಲ್ಲ. ಅದೇ ಸರ್ಕ್ಯೂಟ್ ಬೋರ್ಡ್ ಮೇಲೆ ಕಟ್ಟಿದ್ರೆ ಮೀಟರಲ್ಲಿ 16ರ ಆಸುಪಾಸು. ಸಾಫ್ಟ್‌ವೇರ್ ತಪ್ಪಾ?

ಉತ್ತರ: ತಪ್ಪಲ್ಲ, ಎರಡೂ ಸರಿನೇ. ಎರಡು ಕಡೆ ಕೊಟ್ಟಿರೋ 12 ಬೇರೆ ಬೇರೆ, ಅಷ್ಟೇ. ಟ್ರಾನ್ಸ್‌ಫಾರ್ಮರ್ ಮೇಲೆ ಬರ್ದಿರೋ 12 ಆರ್‌ಎಂಎಸ್ (ಅಷ್ಟೇ ಶಾಖ ಕೊಡೋ ಡಿಸಿಗೆ ಸಮನಾದ ಬೆಲೆ), ಮಲ್ಟಿಮೀಟರ್ ಎಸಿ ರೇಂಜಲ್ಲಿ ತೋರ್ಸೋದೂ ಅದನ್ನೇ, ಆದ್ರೆ ಸೈನ್ ಸೋರ್ಸಲ್ಲಿ ಆಂಪ್ಲಿಟ್ಯೂಡ್ ಅಂತ ಇರೋ ಜಾಗಕ್ಕೆ ಪೀಕ್ (ವೇವಿನ ಅತಿ ಎತ್ತರದ ಬೆಲೆ) ಕೊಡ್ಬೇಕು, ಅಂದ್ರೆ 12ನ್ನ 1.414ರಿಂದ ಗುಣಿಸಿ 17. ಕೆಪಾಸಿಟರ್ ಚಾರ್ಜ್ ಆಗೋದು ಪೀಕ್‌ವರೆಗೆ, ದಾರೀಲಿ ಎರಡು ಡಯೋಡ್ ಸೇರಿ ಸುಮಾರು 1.4 ತಿನ್ನುತ್ವೆ, ಹಾಗಾಗಿ 17 ಕೊಟ್ರೆ 15.6, ನೀವು ಕೊಟ್ಟ 12ಕ್ಕೆ 10.6. 7812ಗೆ ಇನ್‌ಪುಟ್ಟಲ್ಲಿ 14.5 ಆದ್ರೂ ಬೇಕು, 10.6ರಲ್ಲಿ ಅದು ಏನ್ ಮಾಡೀತು ಪಾಪ. ಬೋರ್ಡಲ್ಲಿ ಸ್ವಲ್ಪ ಜಾಸ್ತಿ ಬಂದಿದ್ದು ಯಾಕಂದ್ರೆ ಚಿಕ್ಕ ಟ್ರಾನ್ಸ್‌ಫಾರ್ಮರ್‌ಗಳು ಲೋಡ್ ಕಮ್ಮಿ ಇದ್ದಾಗ 12ಕ್ಕಿಂತ ಮೇಲೇ ಕೊಡ್ತವೆ. ಮನೆ ಕರೆಂಟಿಗೂ ಇದೇ ಲೆಕ್ಕ, 230 ಅಂದ್ರೆ ಪೀಕ್ 325. ಮಲ್ಟಿಸಿಮ್ ಅನ್ನೋ ಇನ್ನೊಂದು ಸಿಮ್ಯುಲೇಶನ್ ಸಾಫ್ಟ್‌ವೇರಲ್ಲಿ ಎಸಿ ಪವರ್ ಸೋರ್ಸ್ ಆರ್‌ಎಂಎಸ್ ಕೇಳುತ್ತೆ, ಎಸಿ ವೋಲ್ಟೇಜ್ ಸೋರ್ಸ್ ಪೀಕ್ ಕೇಳುತ್ತೆ, ನೋಡ್ಕೊಂಡು ಹಾಕಿ.

ಎಲ್‌ಟಿಸ್ಪೈಸಲ್ಲಿ ಆರ್‌ಎಂಎಸ್ ಬೇಕಂದ್ರೆ ಗ್ರಾಫ್ ಮೇಲಿರೋ ಟ್ರೇಸ್ ಹೆಸರನ್ನ ಕಂಟ್ರೋಲ್ ಕೀ ಒತ್ಕೊಂಡು ಕ್ಲಿಕ್ ಮಾಡಿ. ಅದು ಸ್ಕ್ರೀನಲ್ಲಿ ಕಾಣೋ ಭಾಗಕ್ಕೆ ಮಾತ್ರ ಲೆಕ್ಕ ಹಾಕುತ್ತೆ, ಅರ್ಧಂಬರ್ಧ ಸೈಕಲ್ ಇದ್ರೆ ನಂಬರ್ ಎಡವಟ್ಟು, 50 ಹರ್ಟ್ಜಿಗೆ 20 ಮಿಲಿಸೆಕೆಂಡಿನ ಪೂರ್ತಿ ಸೈಕಲ್‌ಗಳಿಗೆ ಜೂಮ್ ಮಾಡಿ.

ಇನ್ನೊಂದು ವಿಷ್ಯ, ಇದು ತುಂಬಾ ಜನರನ್ನ ಕಾಡುತ್ತೆ. ಎಲ್‌ಟಿಸ್ಪೈಸಲ್ಲಿ ಒಂದು ನೋಡ್ (ವೈರ್‌ಗಳು ಸೇರೋ ಜಾಗ) ಮೇಲೆ ಕ್ಲಿಕ್ ಮಾಡಿದಾಗ ಬರೋದು ಗ್ರೌಂಡಿಂದ ಅಳೆದ ವೋಲ್ಟೇಜ್. ಗ್ರೌಂಡನ್ನ ಡಿಸಿ ಮೈನಸ್ಸಿಗೆ ಕೊಟ್ಟಿದ್ರೆ ಸೋರ್ಸಿನ ಒಂದು ತುದಿ ನೋಡಿದಾಗ ಸೈನ್ ವೇವ್ ಕಾಣಲ್ಲ, ಸೋರ್ಸ್ ಕೆಟ್ಟಿದೆ ಅನ್ಸುತ್ತೆ, ಕೆಟ್ಟಿರಲ್ಲ. ಒಂದು ತುದೀಲಿ ಒತ್ತಿ ಹಿಡ್ದು ಇನ್ನೊಂದು ತುದಿಗೆ ಎಳೆದು ಬಿಡಿ, ಎರಡರ ನಡುವಿನ ವ್ಯತ್ಯಾಸ ಬರುತ್ತೆ, ಸೈನ್ ನೀಟಾಗಿ ಕಾಣುತ್ತೆ. ಸೈನ್ ಕಾಣ್ಲಿ ಅಂತ ಎಸಿ ಕಡೆಗೂ ಇನ್ನೊಂದು ಗ್ರೌಂಡ್ ಮಾತ್ರ ದಯವಿಟ್ಟು ಹಾಕ್ಬೇಡಿ. ಆಗ ಒಂದು ಅರ್ಧ ಸೈಕಲ್ಲಲ್ಲಿ ಸೋರ್ಸ್ ಒಂದೇ ಡಯೋಡ್ ಮೂಲಕ ನೇರ ಶಾರ್ಟ್ ಆಗುತ್ತೆ, ಸಿಮ್ಯುಲೇಶನ್ನಲ್ಲಿ ಕರೆಂಟ್ ವಿಪರೀತ ತೋರಿಸ್ತದೆ, ಬೋರ್ಡ್ ಮೇಲೆ ಹೀಗೇ ಕಟ್ಟಿದ್ರೆ ಡಯೋಡ್ ಸುಟ್ಟೇ ಹೋಗುತ್ತೆ.