ಮೊದಲು ನಿಕೋಟಿನ್, ಆಮೇಲೆ ಕೊಕೇನ್

2011ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಇಲಿಗಳ ಮೇಲಿನ ಒಂದು ಪ್ರಯೋಗವನ್ನು ಪ್ರಕಟಿಸಿದರು. ನೊಬೆಲ್ ಪಡೆದ ಎರಿಕ್ ಕ್ಯಾಂಡೆಲ್ ಕೂಡ ಆ ತಂಡದಲ್ಲಿದ್ದರು. ಇಲಿಗಳಿಗೆ 7 ದಿನ ಕುಡಿಯುವ ನೀರಲ್ಲಿ ನಿಕೋಟಿನ್ ಬೆರೆಸಿ ಕೊಟ್ಟರು. ಆಮೇಲೆ ಕೊಕೇನ್ ಕೊಟ್ಟರು. ಬರೀ ಕೊಕೇನ್ ಪಡೆದ ಇಲಿಗಳಿಗಿಂತ ಇವು ಜಾಸ್ತಿ ಓಡಾಡಿದವು. ಕೊಕೇನ್ ಸಿಕ್ಕಿದ್ದ ಜಾಗದಲ್ಲೇ ಹೆಚ್ಚು ಹೊತ್ತು ಕಳೆದವು. ಮೊದಲು ಕೊಕೇನ್, ಆಮೇಲೆ ನಿಕೋಟಿನ್ ಕೊಟ್ಟು ನೋಡಿದರು. ಆಗ ಅಂಥದ್ದೇನೂ ಆಗಲಿಲ್ಲ.

ವಿಚಿತ್ರ ಅಲ್ವಾ? ಡ್ರಗ್ಸ್ ಅವೇ. ತಿರುಗುಮುರುಗಾದದ್ದು ಕೊಟ್ಟ ಕ್ರಮ ಮಾತ್ರ.

ಇದರ ಗುಟ್ಟು ಜೀನ್‌ಗಳಲ್ಲಿಲ್ಲ, ಅವನ್ನು ಸುತ್ತಿಟ್ಟಿರುವ ರೀತಿಯಲ್ಲಿದೆ. ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಡಿಎನ್‌ಎ ಇರುತ್ತದೆ. ಈ ದಾರ ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾಗಿದ್ದರೆ ಅಲ್ಲಿನ ಜೀನ್ ಸುಮ್ನೆ ಬಿದ್ದಿರುತ್ತದೆ. ಹಿಸ್ಟೋನಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ತುಣುಕು ಅಂಟಿದರೆ ಸುತ್ತು ಸಡಿಲಾಗುತ್ತದೆ, ಜೀನ್ ಕೆಲಸ ಶುರುಮಾಡುತ್ತದೆ. ಡಿಎನ್‌ಎಯ ಅಕ್ಷರ ಒಂದೂ ಬದಲಾಗುವುದಿಲ್ಲ, ಓದಲು ಸಿಗುವ ಪುಟ ಬದಲಾಗುತ್ತದೆ. ಎಪಿಜೆನೆಟಿಕ್ ಬದಲಾವಣೆ ಅಂದರೆ ಇದೇ.

ಅಸಿಟೈಲ್ ತುಣುಕನ್ನು ಕಿತ್ತುಹಾಕುವ ಕಿಣ್ವಗಳೂ ಇವೆ. ನಿಕೋಟಿನ್ ಅವುಗಳ ಕೈ ಕಟ್ಟಿಹಾಕಿತ್ತು. ಹಾಗಾಗಿ ಕೊಕೇನ್ ಬರುವ ಹೊತ್ತಿಗೆ ಫಾಸ್‌ಬಿ ಎಂಬ ಜೀನಿನ ಸುತ್ತು ಮೊದಲೇ ಸಡಿಲಾಗಿತ್ತು. ಬಾಗಿಲು ತೆರೆದೇ ಇತ್ತು ಅನ್ನಿ.

ಫಾಸ್‌ಬಿ ಸಾಮಾನ್ಯ ಜೀನಲ್ಲ. ಡ್ರಗ್ಸ್ ಪದೇ ಪದೇ ಬಂದಾಗ ಅದರಿಂದ ಡೆಲ್ಟಾ ಫಾಸ್‌ಬಿ ಎಂಬ ಮೊಂಡು ಪ್ರೋಟೀನ್ ಹುಟ್ಟುತ್ತದೆ. ಇದರ ಬಳಗದ ಬೇರೆ ಪ್ರೋಟೀನ್‌ಗಳು ಕೆಲವೇ ಗಂಟೆಗಳಲ್ಲಿ ಮಾಯವಾದರೆ ಇದು ಮಾತ್ರ ವಾರಗಟ್ಟಲೆ ಉಳಿಯುತ್ತದೆ. ಡ್ರಗ್ಸ್ ದೇಹದಿಂದ ಹೊರಹೋದರೂ ಮೆದುಳಿನ ಸುಖದ ಕೇಂದ್ರದಲ್ಲಿ ಕೂತು ಬೇರೆ ಜೀನ್‌ಗಳನ್ನು ಕೆಣಕುತ್ತಿರುತ್ತದೆ. ನರಕೋಶದ ಕೊಂಬೆಗಳಲ್ಲಿ ಹೊಸ ಮುಳ್ಳುಗಳು ಮೂಡುತ್ತವೆ, ಅಂದರೆ ಹೊಸ ಸಂಪರ್ಕಗಳು. ಚಟ ಬಿಟ್ಟವರಿಗೆ ಆಗ ಜೊತೆಗೂಡಿ ಡ್ರಗ್ಸ್ ತಗೊಳ್ಳುತ್ತಿದ್ದ ಹಳೆಯ ಗೆಳೆಯ ಎದುರಾದರೆ ಸಾಕು, ಜೀವ ಎಳೆಯುತ್ತದೆ. ಅದನ್ನು ಬರೀ ಮನೋಬಲದ ಕೊರತೆ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಸುತ್ತನ್ನು ಮತ್ತೆ ಬಿಗಿ ಮಾಡುವ ಮಾತ್ರೆ ನುಂಗಿದರಾಯಿತಲ್ಲ? ಅಷ್ಟು ಸುಲಭವಲ್ಲ. ಅಂಥ ಔಷಧ ಫಾಸ್‌ಬಿ ಒಂದನ್ನೇ ಹುಡುಕಿಕೊಂಡು ಹೋಗುವುದಿಲ್ಲ, ಸಾವಿರಾರು ಜೀನ್‌ಗಳನ್ನು ತಡಕುತ್ತದೆ. 2014ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ವಿಜ್ಞಾನಿಗಳು ಇಲಿಯ ಮೆದುಳಿನಲ್ಲಿ ಆ ಒಂದೇ ಜೀನಿನ ಬಳಿ ಹಿಸ್ಟೋನಿಗೆ ಅಂಟಿದ ರಾಸಾಯನಿಕ ಗುರುತು ತಿದ್ದಿದರು. ಕೊಕೇನಿಗೆ ಇಲಿ ವರ್ತಿಸುವ ರೀತಿಯೇ ಬದಲಾಯಿತು. ಅದಕ್ಕೆ ಅವರು ಮೆದುಳಿಗೇ ಸೂಜಿ ಚುಚ್ಚಬೇಕಾಯಿತು.