ಅಗ್ಗದ ಕರೆಂಟಿನ ಜೊತೆ ಬರುವ ಹೋಂವರ್ಕ್

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲೋ ಪಾಲೋ ಆಲ್ಟೋದಲ್ಲೋ ಮನೆ ಮಾಡಿರುವ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಕರೆಂಟ್ ಬಿಲ್ ಬರುವುದು ಊರಿನದೇ ವಿದ್ಯುತ್ ಸಂಸ್ಥೆಯಿಂದ. ಪಕ್ಕದ ಸನ್ನಿವೇಲ್‌ನವರ ಬಿಲ್ ನೋಡಿದರೆ ದರ ಎಷ್ಟೋ ಜಾಸ್ತಿ. ಇದಕ್ಕೆ ಕಾರಣ ಹಲವು. ಅದರಲ್ಲೊಂದು, ಶಾಸ್ತಾದಂಥ ಸರ್ಕಾರಿ ಅಣೆಕಟ್ಟುಗಳ ಜಲವಿದ್ಯುತ್ತಿನಲ್ಲಿ ಈ ಎರಡು ಊರುಗಳಿಗೆ ಪಾಲು ಇರುವುದು.

ಅಮೆರಿಕದ ಪಶ್ಚಿಮ ಮತ್ತು ಮಧ್ಯ ಭಾಗದ 15 ರಾಜ್ಯಗಳಲ್ಲಿ ಈ ಕರೆಂಟನ್ನು ಮಾರುವುದು ವೆಸ್ಟರ್ನ್ ಏರಿಯಾ ಪವರ್ ಅಡ್ಮಿನಿಸ್ಟ್ರೇಷನ್, ಅಂದರೆ ವಾಪಾ. 1977ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಲಾಭ ಇಟ್ಟುಕೊಳ್ಳದೆ, ತಗಲುವ ವೆಚ್ಚಕ್ಕೇ ಮಾರುತ್ತದೆ. ಮೊದಲ ಆದ್ಯತೆ ನಗರಸಭೆಗಳಿಗೆ, ಸಹಕಾರ ಸಂಘಗಳಿಗೆ, ಮೂಲನಿವಾಸಿ ಬುಡಕಟ್ಟುಗಳಿಗೆ. ಖಾಸಗಿ ಕಂಪನಿಗಳು ಸಾಲಿನಲ್ಲಿ ಹಿಂದೆ.

ಆದರೆ ಅಗ್ಗದ ಕರೆಂಟಿಗೊಂದು ಷರತ್ತಿದೆ. 1992ರ ಇಂಧನ ಕಾಯ್ದೆಯ ಪ್ರಕಾರ, ದೀರ್ಘಾವಧಿ ಒಪ್ಪಂದ ಇರುವ ಗ್ರಾಹಕರು 5 ವರ್ಷಕ್ಕೊಮ್ಮೆ ಸಮಗ್ರ ಸಂಪನ್ಮೂಲ ಯೋಜನೆ ಬರೆದು ಕೊಡಬೇಕು. ಮುಂದಿನ ವರ್ಷಗಳಲ್ಲಿ ಊರಿಗೆ ಬೇಕಾಗುವ ಕರೆಂಟನ್ನು ಎಲ್ಲಿಂದ, ಹೇಗೆ ಹೊಂದಿಸುತ್ತೀರಿ ಅನ್ನುವ ಲೆಕ್ಕ ಅದು. ನಾವು ಐಆರ್‌ಪಿ ಅಂತೀವಿ. ಪ್ರತಿ ವರ್ಷ ಪ್ರಗತಿ ವರದಿ ಬೇರೆ. ವರ್ಷಕ್ಕೆ 2.5 ಕೋಟಿ ಯೂನಿಟ್‌ಗಿಂತ ಕಡಿಮೆ ಬಳಸುವ ಸಣ್ಣ ಊರುಗಳಿಗೆ ಚಿಕ್ಕ ಯೋಜನೆ ಸಾಕು. ಕೊಡದಿದ್ದರೆ ಬಿಲ್ಲಿನ ಮೇಲೆ ಮೊದಲ ವರ್ಷ ಶೇ. 10 ದಂಡ, ಎರಡನೇ ವರ್ಷ ಶೇ. 20, ಆಮೇಲೆ ಶೇ. 30. ಅದರ ಬದಲು ಕೊಡುವ ಕರೆಂಟಿನಲ್ಲೇ ಶೇ. 10 ಕಡಿತ ಮಾಡುವ ಅಧಿಕಾರವೂ ವಾಪಾಗೆ ಇದೆ.

ಇಂಥ ಯೋಜನೆ ಬರೆದುಕೊಡುವುದೇ ನನ್ನ ಕೆಲಸ. ಹೆಚ್ಚಿನ ಊರುಗಳವರು ಮೊದಲು ಕೇಳುವುದು, "ಹಳೇದರಲ್ಲೇ ಇಸವಿ ಬದಲಾಯಿಸಿ ಕೊಟ್ಟರೆ ಆಗಲ್ವಾ?" ನದಿ ಪ್ರತಿ ವರ್ಷ ಒಂದೇ ಥರ ಹರಿಯುತ್ತಿದ್ದರೆ ಆಗುತ್ತಿತ್ತೋ ಏನೋ.

ಕೊಲರಾಡೋ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನೋಡಿ. ಸಾಮರ್ಥ್ಯ 1,320 ಮೆಗಾವಾಟ್. ನೀರಿನ ಮಟ್ಟ ಸಮುದ್ರಮಟ್ಟದಿಂದ 3,490 ಅಡಿಗಿಂತ ಕೆಳಗಿಳಿದರೆ ಟರ್ಬೈನ್ ತಿರುಗಿಸುವಂತಿಲ್ಲ. 2023ರ ಶುರುವಿನಲ್ಲಿ ಅದು 3,520 ಅಡಿಯ ಹತ್ತಿರ ಬಂದು ನಿಂತಿತ್ತು. ಮಟ್ಟ ಇಳಿದಾಗ ಬೀಳುವ ನೀರಿನ ಎತ್ತರವೂ ಕಡಿಮೆ, ಹಾಗಾಗಿ ಅಷ್ಟೇ ನೀರು ಬಿಟ್ಟರೂ ಹುಟ್ಟುವ ಯೂನಿಟ್ ಕಡಿಮೆ. ಮೊದಲೆಲ್ಲ ಕೊರತೆ ಬಿದ್ದರೆ ವಾಪಾನೇ ಮಾರುಕಟ್ಟೆಯಿಂದ ಕೊಂಡು ತುಂಬಿಸುತ್ತಿತ್ತು. 2021ರ ಡಿಸೆಂಬರ್‌ನಿಂದ ಲೆಕ್ಕ ಬದಲಾಯಿತು. ವಾಪಾ ಈಗ ಊರುಗಳಿಗೆ ಹೇಳುವುದು ಇಷ್ಟು: ನದಿ ಕೊಟ್ಟಷ್ಟು ನಿಮ್ಮದು, ಉಳಿದದ್ದನ್ನು ನೀವೇ ಕೊಳ್ಳಿ, ಇಲ್ಲವೇ ನಾವು ಕೊಂಡುಕೊಟ್ಟರೆ ಅದರ ಬೆಲೆ ನೀವೇ ಕೊಡಿ.

ಆದ್ದರಿಂದ ನಾನು ಬರೆಯುವ ಯೋಜನೆಯಲ್ಲಿ ಅಣೆಕಟ್ಟಿಗೆ ಒಂದು ಸಾಲು ಸಾಲದು, ಮೂರು ಬೇಕು: ಒಳ್ಳೆಯ ಮಳೆ-ಹಿಮದ ವರ್ಷ, ಸಾಧಾರಣ ವರ್ಷ, ಬರ.

ಒಂದು ಕಾಲ್ಪನಿಕ ಊರು ತೆಗೆದುಕೊಳ್ಳೋಣ. ವರ್ಷಕ್ಕೆ 6 ಕೋಟಿ ಯೂನಿಟ್ ಬೇಕು. ಅಣೆಕಟ್ಟಿನಿಂದ ಬರಬೇಕಾದದ್ದು 2 ಕೋಟಿ, ಬರದಲ್ಲಿ ಬರುವುದು 1.3 ಕೋಟಿ. ಕೊರತೆ 70 ಲಕ್ಷ. ಈ ಮೊತ್ತಕ್ಕಿಂತ ಮುಖ್ಯವಾದ ಪ್ರಶ್ನೆ, ಕೊರತೆ ಬೀಳುವುದು ಯಾವ ಹೊತ್ತಿಗೆ? ಜುಲೈ ಸಂಜೆ ಸೋಲಾರ್ ಇಳಿಯುತ್ತದೆ, ಎಸಿಗಳು ಓಡುತ್ತಲೇ ಇರುತ್ತವೆ. ಮಾರುಕಟ್ಟೆ ದರ ಏರುವುದೂ ಆಗಲೇ.

ಬೀದಿದೀಪಗಳನ್ನು ಎಲ್‌ಇಡಿ ಮಾಡಿದರೆ ಯೂನಿಟ್ ಉಳಿಯುತ್ತದೆ, ಫೋಟೋ ಕೂಡ ಚೆನ್ನಾಗಿ ಬರುತ್ತದೆ. ಆದರೆ ಜುಲೈ ತಿಂಗಳ ಸಂಜೆ 7ಕ್ಕೆ ಬೀದಿದೀಪ ಇನ್ನೂ ಹೊತ್ತಿರುವುದೇ ಇಲ್ಲ! ಅದೇ ನೀರಾವರಿ ಪಂಪುಗಳನ್ನು ಸಂಜೆಯಿಂದ ರಾತ್ರಿಗೆ ತಳ್ಳಿದರೆ ಒಂದು ಯೂನಿಟ್ಟೂ ಉಳಿಯುವುದಿಲ್ಲ, ಆದರೂ ದುಬಾರಿ ಹೊತ್ತಿನ ಕರೆಂಟ್ ಕೊಳ್ಳುವುದು ತಪ್ಪುತ್ತದೆ. ಬ್ಯಾಟರಿ, ಗಾಳಿ ವಿದ್ಯುತ್ ಒಪ್ಪಂದ, ಹಳೇ ಟ್ರಾನ್ಸ್‌ಫಾರ್ಮರ್ ಬದಲಾವಣೆ, ಎಲ್ಲವನ್ನೂ ಇದೇ ಕಣ್ಣಿನಿಂದ ಅಳೆಯಬೇಕು. ಹೊಸ ಕರೆಂಟನ್ನೂ ಉಳಿತಾಯವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿ ಅನ್ನುತ್ತದೆ ನಿಯಮ. ಯಾವುದನ್ನು ಆರಿಸಬೇಕು ಅಂತ ಮಾತ್ರ ಹೇಳುವುದಿಲ್ಲ. ಅದು ಊರಿನವರಿಗೇ ಬಿಟ್ಟದ್ದು. ನನಗೆ ಇದು ಸರಿ ಅನ್ನಿಸುತ್ತದೆ.

ಪರಿಸರದ ಮೇಲಿನ ಪರಿಣಾಮ, ಬೇಡಿಕೆಯ ಮುನ್ನಂದಾಜು, ಉಳಿತಾಯವನ್ನು ಅಳೆಯುವ ಬಗೆ, ಇವೂ ಯೋಜನೆಯಲ್ಲಿ ಇರಬೇಕು. ಜನರ ಅಭಿಪ್ರಾಯವನ್ನೂ ಕೇಳಲೇಬೇಕು. ಆ ಸಭೆಗಳಿಗೆ ಬರುವವರು ಬೆರಳೆಣಿಕೆ, ಅದರಲ್ಲೂ ಅರ್ಧ ಜನ ದರ ಏರಿಕೆ ವಿರೋಧಿಸಲು ಬಂದವರು. ಪರವಾಗಿಲ್ಲ, ಪಂಪಿನ ಸಮಯ ಬದಲಾದರೆ ಹೊಲಕ್ಕೆ ಏನಾಗುತ್ತದೆ ಅಂತ ಕಚೇರಿಯಲ್ಲಿ ಕೂತವರಿಗೆ ಹೇಳುವವರೂ ಅವರಲ್ಲೇ ಇರುತ್ತಾರೆ.

ಯೋಜನೆಗಳು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಓದಬಹುದು. ನಿಮ್ಮ ಊರಿನದು ಸಿಕ್ಕರೆ ಮೊದಲ ಪುಟದ ಬಣ್ಣದ ಚಿತ್ರಗಳನ್ನು ದಾಟಿ ಮುಂದೆ ಹೋಗಿ. ಬರದ ವರ್ಷದ ಲೆಕ್ಕ ಎಲ್ಲಿದೆ ಹುಡುಕಿ. ಆ ಕೊರತೆಯ ಪಕ್ಕದಲ್ಲಿ "ಮಾರುಕಟ್ಟೆಯಿಂದ ಖರೀದಿ" ಅಂತಷ್ಟೇ ಬರೆದಿದ್ದರೆ, ಮುಂದಿನ ಸಭೆಗೆ ಹೋಗಿ ಯಾವ ಗಂಟೆಗೆ, ಯಾವ ದರಕ್ಕೆ ಅಂತ ಕೇಳಿ.